ಬಕ್‌ಟೇಲ್ ಜಿಗ್ ಕಟ್ಟಲು ಯಾವ ದಾರ?

ಸೀಸದ ತಲೆಯ ಗಾಳಕ್ಕೆ ಅಮೆರಿಕದ ಬಿಳಿಬಾಲದ ಜಿಂಕೆಯ ಬಾಲಗೂದಲು ಕಟ್ಟಿದರೆ ಬಕ್‌ಟೇಲ್ ಜಿಗ್. ಅಟ್ಲಾಂಟಿಕ್ ದಡದಲ್ಲಿ ಸ್ಟ್ರೈಪ್ಡ್ ಬಾಸ್, ಬ್ಲೂಫಿಷ್ ಹಿಡಿಯಲು ನಾನು ಕಟ್ಟುವುದು ಹೆಚ್ಚಾಗಿ 14ರಿಂದ 42 ಗ್ರಾಂ ತೂಕದವು. ಅವಕ್ಕೆಲ್ಲ 210 ಡೆನಿಯರ್‌ನ, ಮೇಣ ಹಚ್ಚಿದ ಚಪ್ಪಟೆ ನೈಲಾನ್ ದಾರ. 7 ಗ್ರಾಂ ಮತ್ತು ಅದಕ್ಕಿಂತ ಚಿಕ್ಕದಕ್ಕೆ 140.

ದಾರ ಕೊಳ್ಳುವಾಗ ದಪ್ಪ ಸೂಚಿಸುವ 3/0, 6/0 ಎಂಬ ಸೊನ್ನೆ ಲೆಕ್ಕ ನಂಬಬೇಡಿ. ಒಬ್ಬ ತಯಾರಕರ 6/0 ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಡೆನಿಯರ್ ನೋಡಿ: 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್.

ನೈಲಾನನ್ನೇ ಯಾಕೆ ಹಿಡಿದಿದ್ದೇನೆಂದರೆ, ಅದು ಹಿಗ್ಗುತ್ತದೆ. ಬಿಗಿಯಾಗಿ ಎಳೆದು ಸುತ್ತಿದ ನೈಲಾನ್ ಮತ್ತೆ ಕುಗ್ಗಲು ನೋಡುತ್ತದೆ. ಕೂದಲು ಅದುಮಿಕೊಂಡಂತೆಲ್ಲ ಹಿಡಿತ ಸಡಿಲವಾಗುವುದಿಲ್ಲ. ಜೆಲ್-ಸ್ಪನ್ ಪಾಲಿಎಥಿಲೀನ್, ಅಂದರೆ ಜಿಎಸ್‌ಪಿ, ಅದೇ ದಪ್ಪದಲ್ಲಿ ಎಷ್ಟೋ ಗಟ್ಟಿ. ಆದರೆ ಹಿಗ್ಗುವುದಿಲ್ಲ, ಜಾರುತ್ತದೆ, ಸೂಪರ್ ಗ್ಲೂ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಜೋರಾಗಿ ಎಳೆದರೆ ಟೊಳ್ಳು ಕೂದಲನ್ನು ಬ್ಲೇಡಿನಂತೆ ಕತ್ತರಿಸಿಬಿಡುತ್ತದೆ. ಬಹಳ ದಪ್ಪ ಕೂದಲಿನ ದೊಡ್ಡ ಜಿಗ್‌ಗೆ ಮಾತ್ರ, 200 ಡೆನಿಯರ್‌ನ ಜಿಎಸ್‌ಪಿ ಬಳಸುತ್ತೇನೆ. ಕೆವ್ಲಾರ್ ಬಿಸಿಲಿಗೆ ಬಣ್ಣಗೆಡುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ, ನನಗೆ ಬೇಡ.

ಚಪ್ಪಟೆ ದಾರವೂ ಸುತ್ತುತ್ತಾ ಹೋದಂತೆ ಹುರಿಗೊಳ್ಳುತ್ತದೆ, ಪ್ರತಿ ಸುತ್ತಿಗೂ ಒಂದು ಹುರಿ. ಬಲಗೈಯವರು ಆಗಾಗ ಬಾಬಿನ್ (ದಾರದ ಉರುಳೆ ಹಿಡಿದು, ಕೊಳವೆಯ ಮೂಲಕ ದಾರ ಬಿಡುವ ಸಾಧನ) ನೇತುಬಿಟ್ಟು, ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗಿಸಿ ಹುರಿ ಬಿಚ್ಚಬೇಕು. ಚಪ್ಪಟೆಯಾದ ದಾರ ಕೂದಲಿನ ಮೇಲೆ ಪಟ್ಟಿಯಂತೆ ಕೂರುತ್ತದೆ, ದಪ್ಪ ಏರುವುದಿಲ್ಲ. ಕೂದಲು ಕೊಡೆಯಂತೆ ಅರಳಬೇಕೆಂದಾಗ ಮಾತ್ರ ಹುರಿ ಉಳಿಸಿಕೊಂಡು ಒಂದೆರಡು ಸುತ್ತು ಬಿಗಿಯುತ್ತೇನೆ. ಬಾಲದ ಬುಡದ ಕೂದಲು ಹೆಚ್ಚು ಟೊಳ್ಳು, ಬೇಗ ಅರಳುತ್ತದೆ. ತುದಿಯ ಕಡೆಯದು ನೆಟ್ಟಗೆ ನಿಲ್ಲುತ್ತದೆ.

ತಲೆಗೆ ಬಣ್ಣ ಹಚ್ಚಿ ಒಲೆಯಲ್ಲಿ ಕಾಯಿಸುವ ಕೆಲಸ ಮೊದಲೇ ಮುಗಿದಿರಲಿ. ಸೀಸ ಎರಕ ಹೊಯ್ದ ಅಚ್ಚಿನ ಅಂಚುಗೆರೆ ಕುತ್ತಿಗೆಯ, ಅಂದರೆ ತಲೆಯ ಹಿಂದೆ ಕೂದಲು ಕಟ್ಟುವ ಭಾಗದ, ಮೇಲೆ ಉಳಿದಿರುತ್ತದೆ, ದಾರ ಕತ್ತರಿಸುವುದು ಹೆಚ್ಚಾಗಿ ಅದೇ. ಬಣ್ಣಕ್ಕೆ ಮುಂಚೆ ಅರದಿಂದ ಉಜ್ಜಿ ತೆಗೆಯಿರಿ. ಆಮೇಲೆ ಕುತ್ತಿಗೆಗೆ ಒಂದು ಪದರ ದಾರ ಸುತ್ತಿ ಸೂಪರ್ ಗ್ಲೂ ತೆಳ್ಳಗೆ ಸವರಿ. ಕೂದಲಿನ ಒಳಗಿನ ಉಣ್ಣೆಯನ್ನು ಬಾಚಿ ತೆಗೆಯದಿದ್ದರೆ ಕಟ್ಟು ಜಾರುತ್ತದೆ. ಒಂದೇ ದಪ್ಪ ಕಂತೆಗಿಂತ ಸಣ್ಣ ಸಣ್ಣ ಕಂತೆ ಮೇಲು: ಎರಡು ಸುತ್ತು ಸಡಿಲವಾಗಿ, ಮೂರನೆಯದನ್ನು ಎಳೆದು, ಅದರ ಮೇಲೆ ಆರೇಳು ಬಿಗಿ ಸುತ್ತು. ಬುಡವನ್ನು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಮೆಟ್ಟಿಲಾಗಿ ದಾರ ಕೆಳಗೆ ಜಾರುತ್ತದೆ. ಕೊನೆಗೆ ವಿಪ್ ಫಿನಿಷ್ (ದಾರದ ತುದಿಯನ್ನು ಸುತ್ತುಗಳ ಅಡಿ ಸಿಕ್ಕಿಸುವ ಗಂಟು) ಎರಡು ಸಲ, ದಾರದೊಳಗಿಳಿಯುವ ತೆಳು ಸಿಮೆಂಟ್ (ಗಾಳ ಕಟ್ಟುವವರ ಅಂಟು), ಅದು ಒಣಗಿದ ಮೇಲೆ ಎಪಾಕ್ಸಿ. ಬ್ಲೂಫಿಷ್ ಹಲ್ಲಿನಿಂದ ದಾರ ಉಳಿಸುವುದು ಈ ಎಪಾಕ್ಸಿಯೇ. ಬಿಳಿ ದಾರ ಸಿಮೆಂಟ್ ಕುಡಿದು ಅರೆಪಾರದರ್ಶಕವಾಗುವುದರಿಂದ ನಾನು ಕೆಂಪನ್ನೇ ಹಾಕುತ್ತೇನೆ, ಕಿವಿರಿನ ಬಣ್ಣವೂ ಸಿಕ್ಕಂತಾಯಿತು.

ದಾರ ಪದೇಪದೇ ಹರಿಯುತ್ತಿದ್ದರೆ ದಾರವನ್ನು ಬದಲಿಸುವ ಮುಂಚೆ ಬಾಬಿನ್ ಕೊಳವೆಯ ಬಾಯಿ ನೋಡಿ. ಲೋಹದ ಕೊಳವೆಯಲ್ಲಿ ಕಾಣದಷ್ಟು ಸಣ್ಣ ಮುಳ್ಳಿದ್ದರೂ ಸಾಕು. ಸೆರಾಮಿಕ್ ಕೊಳವೆಯದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಭಾರತದಲ್ಲಿ ಕಟ್ಟುವವರಿಗೆ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಚುಕ್ಕೆ ಜಿಂಕೆಯ ಕೂದಲು ಮುಟ್ಟುವಂತಿಲ್ಲ. ಮೇಕೆ ಕೂದಲು ಇಲ್ಲವೇ ಸಿಂಥೆಟಿಕ್ ಎಳೆ ಬಳಸಿ. ಇವು ಜಿಂಕೆ ಕೂದಲಿನಂತೆ ಅರಳುವುದಿಲ್ಲ, ಆದ್ದರಿಂದ 140 ಡೆನಿಯರ್ ಸಾಕು. ಆದರೆ ಸಿಂಥೆಟಿಕ್ ನುಣುಪು, ಪ್ರತಿ ಕಂತೆಗೂ ಒಂದು ಹನಿ ಅಂಟು ಬೇಕು.

ಎಪಾಕ್ಸಿಗೆ ಮುಂಚೆ ತಲೆ ಹಿಡಿದು ಕೂದಲನ್ನು ತಿರುಚಿ ನೋಡಿ. ಕಟ್ಟು ಕುತ್ತಿಗೆಯ ಸುತ್ತ ತಿರುಗಿದರೆ ಬುಡದ ಪದರ ಹಿಡಿದಿಲ್ಲವೆಂದೇ ಅರ್ಥ. ಮೇಲೆ ಎಷ್ಟು ಸುತ್ತಿದರೂ ನಿಲ್ಲದು, ಬಿಚ್ಚಿ ಮತ್ತೆ ಕಟ್ಟಬೇಕು.