ಆಡಿಯೊ ಸಿಡಿಯ ಹಾಡು ಕಂಪ್ಯೂಟರಿಗೆ ಬರುತ್ತಿಲ್ಲವೇ? ಎಲ್ಲಿ ತಪ್ಪುತ್ತದೆ, ಹೇಗೆ ಸರಿಪಡಿಸಬೇಕು

ಮನೆಯ ಆಡಿಯೊ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡಿದ್ದೇವೆ ಅಂತ ಹೇಳುವವರ ಫೋಲ್ಡರ್ ತೆರೆದು ನೋಡಿದರೆ, ಎಷ್ಟೋ ಸಲ ಅದರಲ್ಲಿ ಹಾಡೇ ಇರುವುದಿಲ್ಲ. ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂಬ ಪುಟ್ಟ ಫೈಲುಗಳಿರುತ್ತವೆ. ಒಂದೊಂದರ ಗಾತ್ರ ಬರೀ 44 ಬೈಟ್. ಸಿಡಿ ಡ್ರೈವಿನಲ್ಲಿ ಇರುವವರೆಗೆ ಅವು ಹಾಡುತ್ತವೆ. ಸಿಡಿ ತೆಗೆದರೆ ಏನೂ ಇಲ್ಲ. ಅಷ್ಟರಲ್ಲಿ ಮೂಲ ಸಿಡಿಯನ್ನು ಯಾರಿಗೋ ಕೊಟ್ಟುಬಿಟ್ಟವರೂ ಇದ್ದಾರೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವ್ ಇಲ್ಲ. ಹಾಗಾಗಿ ಜನ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪಿನ ಡ್ರೈವನ್ನು ವೈಫೈ ಮೂಲಕ ಬಳಸಲು ನೋಡುತ್ತಾರೆ. ಇಲ್ಲವೇ ಹಾಲಿನಲ್ಲಿರುವ ನೆಟ್‌ವರ್ಕ್ ಪ್ಲೇಯರಿಗೆ (ಮನೆಯ ನೆಟ್‌ವರ್ಕಿಗೆ ಜೋಡಿಸಿದ ಹಾಡಿನ ಪೆಟ್ಟಿಗೆ) ಸಿಡಿ ಹಾಕಿ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಲು ಹೊರಡುತ್ತಾರೆ. ತೊಡಕು ಶುರುವಾಗುವುದೇ ಇಲ್ಲಿ.

ಹಂತ 1: ಡಿಸ್ಕ್ ಯಾವ ಬಗೆಯದು ನೋಡಿ

ಡಿಸ್ಕ್ ತೆರೆದಾಗ ಎಂಪಿ3 ಫೈಲುಗಳು ಕಂಡರೆ ಕಾಪಿ ಮಾಡಿ ಪೇಸ್ಟ್ ಮಾಡಿ. ಕೆಲಸ ಮುಗಿಯಿತು. ಒಂದೇ ಡಿಸ್ಕಿನಲ್ಲಿ 50, 100 ಹಾಡು ತುಂಬಿ ಮಾರುತ್ತಿದ್ದ ಸಿನಿಮಾ ಹಾಡು, ಭಕ್ತಿಗೀತೆಗಳ ಡಿಸ್ಕುಗಳು ಈ ಬಗೆಯವು.

ಫೈಲಿನ ಹೆಸರು ‘ಡಾಟ್ ಸಿಡಿಎ’ ಅಂತ ಮುಗಿದಿದ್ದರೆ ಅದು ನಿಜವಾದ ಆಡಿಯೊ ಸಿಡಿ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಮಾಡಿದ ಈ ಮಾದರಿಯಲ್ಲಿ ಫೈಲು ಅನ್ನುವುದೇ ಇಲ್ಲ. ಡಿಸ್ಕಿನ ಮೇಲೆ ಇರುವುದು ಒಂದೇ ಉದ್ದನೆಯ ಧ್ವನಿಯ ಸಾಲು. ವಿಂಡೋಸ್ ತೋರಿಸುವ ಆ 44 ಬೈಟಿನ ಫೈಲು ಪುಸ್ತಕದ ಪರಿವಿಡಿ ಇದ್ದ ಹಾಗೆ. ಯಾವ ಹಾಡು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದವಿದೆ ಅಂತ ಹೇಳುತ್ತದೆ, ಅಷ್ಟೇ. ಹಾಡು ಬೇಕೆಂದರೆ ಡಿಸ್ಕನ್ನು ಓದಿ ಫೈಲು ಮಾಡಿಕೊಡುವ ತಂತ್ರಾಂಶ ಬೇಕು. ಇದಕ್ಕೇ ರಿಪ್ಪಿಂಗ್ ಅನ್ನುವುದು.

ಹಂತ 2: ಡ್ರೈವ್ ಎಲ್ಲಿದೆಯೋ ಅಲ್ಲೇ ರಿಪ್ ಮಾಡಿ

ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ: ನೆಟ್‌ವರ್ಕಿನಲ್ಲಿ ಫೈಲು ಹೋಗುತ್ತದೆ, ಆಡಿಯೊ ಸಿಡಿ ಹೋಗುವುದಿಲ್ಲ. ಡೆಸ್ಕ್‌ಟಾಪಿನ ಡ್ರೈವನ್ನು ಶೇರ್ ಮಾಡಿದರೆ ಲ್ಯಾಪ್‌ಟಾಪಿಗೆ ಸಿಗುವುದು ಅದೇ 44 ಬೈಟಿನ ಫೈಲುಗಳು. ಆಪಲ್ ಹಿಂದೆ ಕೊಟ್ಟಿದ್ದ ರಿಮೋಟ್ ಡಿಸ್ಕ್ ಸೌಲಭ್ಯವೂ ಆಡಿಯೊ ಸಿಡಿಗೆ ನಡೆಯುತ್ತಿರಲಿಲ್ಲ. ಡೆಸ್ಕ್‌ಟಾಪಿನಲ್ಲೇ ಕೂತು ರಿಪ್ ಮಾಡಿ, ಆಮೇಲೆ ಫೈಲುಗಳನ್ನು ಕಳಿಸಿ.

ಹಾಲಿನಲ್ಲಿರುವ ಪ್ಲೇಯರ್ ವಿಷಯಕ್ಕೆ ಬಂದರೆ, ಅದರ ಹಿಂದೆ ಲ್ಯಾನ್ ಕಿಂಡಿ ಇದೆ ಅಂದ ಮಾತ್ರಕ್ಕೆ ಅದರೊಳಗಿನ ಸಿಡಿ ನಿಮ್ಮ ಕಂಪ್ಯೂಟರಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಆ ಕಿಂಡಿ ಇರುವುದು ನೆಟ್‌ವರ್ಕಿನಿಂದ ಹಾಡು ತರಿಸಿಕೊಳ್ಳಲು. ಬ್ಲೂಸೌಂಡ್ ವಾಲ್ಟ್, ಬ್ರೆನ್ನನ್ ಬಿ2 ತರಹದ ಕೆಲವು ಪ್ಲೇಯರುಗಳು ಮಾತ್ರ ಬೇರೆ. ಅವು ಸಿಡಿಯನ್ನು ತಾವೇ ರಿಪ್ ಮಾಡಿ ತಮ್ಮ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತವೆ. ಆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ತೆರೆದು ಕಾಪಿ ಮಾಡಿಕೊಳ್ಳಬಹುದು. ಫೋಲ್ಡರ್ ಕಾಣದಿದ್ದರೆ 6ನೇ ಹಂತ ನೋಡಿ.

ಡೆಸ್ಕ್‌ಟಾಪೂ ಇಲ್ಲ, ಅಂಥ ಪ್ಲೇಯರೂ ಇಲ್ಲ ಅನ್ನುವವರು ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ತನ್ನಿ. ಹೆಸರೇ ಇಲ್ಲದ ತೀರಾ ಅಗ್ಗದ್ದು ಬೇಡ. ಅದನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಬೇಡಿ, ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ. ಡಿಸ್ಕ್ ತಿರುಗಲು ಶುರುವಾಗಿ, ಟಿಕ್ ಟಿಕ್ ಸದ್ದು ಬಂದು, ಡ್ರೈವೇ ಮಾಯವಾಗುತ್ತಿದ್ದರೆ ಮೊದಲು ವಿದ್ಯುತ್ ಸಾಲದೆ ಇರುವುದನ್ನು ಅನುಮಾನಿಸಿ. ಡ್ರೈವ್ ಕೆಟ್ಟಿದೆ ಅಂತ ಎಸೆಯುವ ಮೊದಲು ಬೇರೆ ಕಿಂಡಿ, ಬೇರೆ ಕೇಬಲ್ ಹಾಕಿ ನೋಡಿ.

ಹಂತ 3: ಡಿಸ್ಕ್ ಒರೆಸಿ

ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಉಜ್ಜಬೇಡಿ. ದುಂಡಗೆ ಬಿದ್ದ ಗೀರು ಓದುವ ಸಾಲಿನ ಜೊತೆಗೇ ಓಡುತ್ತದೆ, ಡ್ರೈವಿಗೆ ಅದನ್ನು ದಾಟಲು ಜಾಸ್ತಿ ಕಷ್ಟ. ಗೀರು ತೆಗೆಯುತ್ತೇವೆ ಅಂತ ಮಾರುವ ತಿರುಗುವ ಚಕ್ರದ ಕಿಟ್‌ಗಳನ್ನು ಮುಟ್ಟಲೇಬೇಡಿ. ಟೂತ್‌ಪೇಸ್ಟೂ ಬೇಡ.

ಹೊಳೆಯುವ ಬದಿಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಹೆಸರು ಅಚ್ಚಾದ ಬದಿಯನ್ನು ಮರೆಯುತ್ತಾರೆ. ಹಾಡು ಇರುವ ಅಲ್ಯುಮಿನಿಯಂ ಪದರ ಆ ಅಚ್ಚಿನ ಕೆಳಗೇ ಇದೆ. ಹೊಳೆಯುವ ಬದಿಯಲ್ಲಿ ಸುಮಾರು 1.2 ಮಿಲಿಮೀಟರ್ ಪ್ಲಾಸ್ಟಿಕ್ ರಕ್ಷಣೆ ಇದೆ, ಮೇಲಿನ ಬದಿಯಲ್ಲಿ ತೆಳು ವಾರ್ನಿಷ್ ಅಷ್ಟೇ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬೆಳಕು ತೂರಿ ಬಂದರೆ ಅಲ್ಲಿ ಪದರವೇ ಹೋಗಿದೆ, ಒರೆಸಿ ಪ್ರಯೋಜನವಿಲ್ಲ.

ಯಾವುದನ್ನು ಮೊದಲು ಮಾಡಬೇಕು ಅಂದರೆ, ಮನೆಯಲ್ಲಿ ಬರೆದ ಸಿಡಿ-ಆರ್‌ಗಳನ್ನು. ಮದುವೆಯ ದಿನದ ಕಛೇರಿ, ಶಾಲೆಯ ವಾರ್ಷಿಕೋತ್ಸವ, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಅಜ್ಜಿಯ ಹಾಡು, ಇವೆಲ್ಲ ಇರುವುದು ಅವುಗಳಲ್ಲೇ. ಅವುಗಳ ಬಣ್ಣದ ಪದರ ಬಿಸಿಲಿಗೆ, ಶೆಕೆಗೆ ಹಾಳಾಗುತ್ತದೆ. ಬೇರೆ ಪ್ರತಿಯೂ ಸಿಗುವುದಿಲ್ಲ. ಅಂಗಡಿಯಿಂದ ತಂದ ಸಿಡಿ ಆಮೇಲೂ ಆದೀತು.

ಹಂತ 4: ಓದಿಸುವುದು, ಓದಿದ್ದು ಸರಿಯೇ ಎಂದು ನೋಡುವುದು

ಜಾಸ್ತಿ ಜನ ಎಡವುವುದು ಇಲ್ಲಿ. ‘100 ಪರ್ಸೆಂಟ್’ ಅಂತ ತೋರಿಸಿದ ಕೂಡಲೇ ಸಿಡಿ ತೆಗೆದು ಪಕ್ಕಕ್ಕಿಡುತ್ತಾರೆ. ಮೂರನೇ ಹಾಡಿನ ನಡುವೆ ‘ಟಕ್’ ಅನ್ನುವುದು ಗೊತ್ತಾಗುವುದು ಯಾವಾಗಲೋ ಹಾಡು ಕೇಳಿದಾಗ.

ಕಾರಣ ಹೀಗೆ. ಆಡಿಯೊ ಸಿಡಿಯ ಒಂದು ಸೆಕೆಂಡಿನ ಧ್ವನಿ 75 ತುಂಡುಗಳಲ್ಲಿರುತ್ತದೆ, ಒಂದೊಂದು ತುಂಡು 2,352 ಬೈಟ್. ಅಷ್ಟೂ ಜಾಗ ಧ್ವನಿಗೇ ಹೋಗುತ್ತದೆ. ಡೇಟಾ ಡಿಸ್ಕಿನಲ್ಲಾದರೆ 2,048 ಬೈಟ್ ಮಾತ್ರ ಮಾಹಿತಿ, ಉಳಿದದ್ದರಲ್ಲಿ ತಪ್ಪು ತಿದ್ದುವ ಇನ್ನೊಂದು ಪದರ ಇರುತ್ತದೆ. ಆಡಿಯೊ ಸಿಡಿಗೆ ಆ ಎರಡನೇ ಪದರ ಇಲ್ಲ. ಡ್ರೈವಿಗೆ ಒಂದು ಜಾಗ ಓದಲಾಗದಿದ್ದರೆ ಅಕ್ಕಪಕ್ಕದ ಧ್ವನಿ ನೋಡಿ ಊಹೆ ಮಾಡಿ ತುಂಬಿಬಿಡುತ್ತದೆ. ಫೈಲೇನೋ ಪೂರ್ತಿ ಇರುತ್ತದೆ, ಒಳಗಿನ ಧ್ವನಿ ಮಾತ್ರ ಬೇರೆ.

ಹಾಗಾಗಿ ತಂತ್ರಾಂಶದ ಆಯ್ಕೆಯಲ್ಲಿ ರಾಜಿ ಬೇಡ. ವಿಂಡೋಸಿಗೆ ಎಕ್ಸಾಕ್ಟ್ ಆಡಿಯೊ ಕಾಪಿ, ಚಿಕ್ಕದಾಗಿ ಇಎಸಿ. ಮನೆ ಬಳಕೆಗೆ ಉಚಿತ. ಮ್ಯಾಕಿಗೆ ಎಕ್ಸ್‌ಎಲ್‌ಡಿ, ಲಿನಕ್ಸಿಗೆ ವಿಪ್ಪರ್. ದುಡ್ಡು ಕೊಡಲು ಸಿದ್ಧರಿದ್ದರೆ ಡಿಬಿಪವರ್‌ಆಂಪ್ ಸುಲಭ. ವಿಂಡೋಸ್ ಜೊತೆ ಬರುವ ಮೀಡಿಯಾ ಪ್ಲೇಯರ್ ಹೊಸದಾದ, ಗೀರಿಲ್ಲದ ಸಿಡಿಗೆ ನಡೆಯುತ್ತದೆ. ಹಳೆಯದಕ್ಕೆ ಬೇಡ. ಎಲ್ಲಿ ತಪ್ಪಾಯಿತು ಅಂತ ಅದು ವರದಿ ಕೊಡುವುದಿಲ್ಲ.

ಇಎಸಿಯಲ್ಲಿ ಡ್ರೈವ್ ಸೆಟ್ಟಿಂಗಿಗೆ ಹೋಗಿ ‘ಸೆಕ್ಯೂರ್’ ಆರಿಸಿ. ಡ್ರೈವಿನ ಗುಣಗಳನ್ನು ಪತ್ತೆ ಮಾಡುವ ಗುಂಡಿ ಒತ್ತಿ. ಸಿ2 ಅನ್ನುವ ಆಯ್ಕೆ ಬಂದರೆ ಟಿಕ್ ತೆಗೆಯಿರಿ. ಡ್ರೈವ್ ತಾನೇ ಹೇಳುವ ತಪ್ಪಿನ ಲೆಕ್ಕ ಅದು, ಎಲ್ಲ ಡ್ರೈವುಗಳೂ ಸರಿಯಾಗಿ ಹೇಳುವುದಿಲ್ಲ. ಆಮೇಲೆ ‘ಆಫ್‌ಸೆಟ್’. ಪ್ರತಿ ಮಾದರಿಯ ಡ್ರೈವೂ ಓದುವುದನ್ನು ಒಂದಿಷ್ಟು ಹಿಂದೆ ಮುಂದೆ ಶುರು ಮಾಡುತ್ತದೆ. ಎಷ್ಟೋ ಡ್ರೈವುಗಳಿಗೆ ಈ ಅಂಕಿ +6. ಚೆನ್ನಾಗಿ ಮಾರಾಟವಾದ ಯಾವುದಾದರೂ ಸಿಡಿ ಹಾಕಿದರೆ ತಂತ್ರಾಂಶವೇ ಗುರುತಿಸಿಕೊಳ್ಳುತ್ತದೆ. ನೀವು ಸುಮ್ನೆ ಅಂಕಿ ತುಂಬಬೇಡಿ.

ಈಗ ರಿಪ್ ಮಾಡುವಾಗ ಬರೀ ‘ಕಾಪಿ’ ಒತ್ತಬೇಡಿ. ‘ಟೆಸ್ಟ್ ಅಂಡ್ ಕಾಪಿ’ ಒತ್ತಿ. ಅದು ಡಿಸ್ಕನ್ನು ಎರಡು ಸಲ ಓದಿ, ಎರಡರ ಸಿಆರ್‌ಸಿ ಸಂಖ್ಯೆ (ಓದಿದ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು) ಹೊಂದುತ್ತದೆಯೇ ನೋಡುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ನಮ್ಮ ಸಂಗೀತಕ್ಕೆ ಇದು ಇನ್ನೂ ಮುಖ್ಯ. ಆ್ಯಕ್ಯುರೇಟ್‌ರಿಪ್ ಅನ್ನುವ ಅಂತರ್ಜಾಲ ಕೋಶದಲ್ಲಿ, ಜಗತ್ತಿನ ಬೇರೆಯವರು ಅದೇ ಸಿಡಿ ರಿಪ್ ಮಾಡಿದಾಗ ಬಂದ ಸಂಖ್ಯೆಗಳಿವೆ. ನಿಮ್ಮದು ಅವರದಕ್ಕೆ ಹೊಂದಿದರೆ ನಿಶ್ಚಿಂತೆ. ಆದರೆ ಸಣ್ಣ ಕಂಪನಿ ತಂದ ಭಾವಗೀತೆಯ ಸಿಡಿ, ದಾಸರ ಪದಗಳ ಸಿಡಿ ಅಲ್ಲಿ ಇಲ್ಲದೇ ಹೋಗಬಹುದು. ಆಗ ಇರುವುದು ಎರಡು ಸಲ ಓದಿಸುವ ದಾರಿಯೊಂದೇ.

ಕೊನೆಗೆ ಬರುವ ವರದಿಯನ್ನು ಓದುವ ಬಗೆ ತಿಳಿದಿರಲಿ. ಎರಡು ಸಂಖ್ಯೆ ಹೊಂದಿದೆ, ಕೋಶದಲ್ಲಿ ಸಿಡಿಯೇ ಇಲ್ಲ ಅಂತ ಬಂದರೆ ಒಪ್ಪಿಕೊಳ್ಳಿ. ನಿಮ್ಮ ಎರಡು ಓದು ಹೊಂದಿ, ಕೋಶದ ಜೊತೆ ಒಂದು ಹಾಡೂ ತಾಳೆಯಾಗದಿದ್ದರೆ ಆಫ್‌ಸೆಟ್ ತಪ್ಪಿರಬಹುದು, ಇಲ್ಲವೇ ನಿಮ್ಮದು ಬೇರೆ ಮುದ್ರಣದ ಡಿಸ್ಕ್. ಗಾಬರಿ ಬೇಡ. ಒಂದೋ ಎರಡೋ ಹಾಡು ಮಾತ್ರ ತಾಳೆಯಾಗದೆ ಉಳಿದೆಲ್ಲ ಸರಿಯಿದ್ದರೆ ಆ ಹಾಡುಗಳಲ್ಲಿ ಓದಿನ ತಪ್ಪಿರುವುದು ಹೆಚ್ಚುಕಡಿಮೆ ಖಚಿತ. ‘ಸಸ್ಪಿಶಿಯಸ್ ಪೊಸಿಷನ್’ ಅಂತ ಸಮಯ ಕೊಟ್ಟಿದ್ದರೆ ಆ ಜಾಗವನ್ನು ಹೆಡ್‌ಫೋನ್ ಹಾಕಿ ಕೇಳಿ.

ಓದು ಒಂದೇ ಕಡೆ ಸಿಕ್ಕಿಕೊಂಡು ವೇಗ ಸೊನ್ನೆಗೆ ಇಳಿಯುತ್ತದೆ, ಅಲ್ವಾ? ಸೆಕ್ಯೂರ್ ವಿಧಾನದಲ್ಲಿ ಇಎಸಿ ಕೆಟ್ಟ ತುಂಡೊಂದನ್ನು 82 ಸಲದವರೆಗೂ ಓದಿ ನೋಡುತ್ತದೆ. ರಾತ್ರಿಯಿಡೀ ಹಾಗೇ ಬಿಡಬೇಡಿ, ಡ್ರೈವ್ ಸವೆಯುತ್ತದೆ. ನಿಲ್ಲಿಸಿ, ಡಿಸ್ಕ್ ಮತ್ತೆ ಒರೆಸಿ, ವೇಗವನ್ನು 8 ಅಥವಾ 4 ಪಟ್ಟಿಗೆ ಇಳಿಸಿ. ಆಗಲೂ ಆಗದಿದ್ದರೆ ಬೇರೆ ಡ್ರೈವಿಗೆ ಹಾಕಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದುಂಟು. ನೆರೆಯವರ ಹಳೆಯ ಡೆಸ್ಕ್‌ಟಾಪ್ ಇಂಥ ಹೊತ್ತಿಗೆ ಉಪಕಾರಕ್ಕೆ ಬರುತ್ತದೆ. ಕೊನೆಯ ಹಾಡಿನ ಕೊನೆಯಲ್ಲಿ ಮಾತ್ರ ತಪ್ಪು ಬಂದರೆ ‘ಓವರ್‌ರೀಡ್’ (ಡಿಸ್ಕಿನ ಅಂಚು ದಾಟಿ ಓದುವ) ಆಯ್ಕೆಯ ಟಿಕ್ ತೆಗೆದು ನೋಡಿ. ತಪ್ಪು ಸಣ್ಣದಿದ್ದು ಸಿಡಿ ಜನಪ್ರಿಯವಾಗಿದ್ದರೆ ಕ್ಯೂಟೂಲ್ಸ್ ಎಂಬ ಉಚಿತ ತಂತ್ರಾಂಶ ತನ್ನ ಕೋಶದ ಸಹಾಯದಿಂದ ರಿಪೇರಿಯನ್ನೂ ಮಾಡಬಲ್ಲದು.

ಫೈಲಿನ ಬಗೆ ಫ್ಲಾಕ್ ಇರಲಿ. ಧ್ವನಿ ಒಂದಿಷ್ಟೂ ಕಳೆಯದೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಗಂಟೆಯ ಸಿಡಿ ಹಾಗೇ ಇಟ್ಟರೆ ಸುಮಾರು 635 ಎಂಬಿ. ಫ್ಲಾಕ್ ಆದರೆ 300ರಿಂದ 400 ಎಂಬಿ. ಕಾರಿಗೆ ಎಂಪಿ3 ಬೇಕಾದರೆ ಫ್ಲಾಕಿನಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ3ಯಿಂದ ಹಿಂದಕ್ಕೆ ಬರಲಾಗದು. ಕಛೇರಿಯ ಸಿಡಿಗಳಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಮತ್ತೊಂದು ಆಗಿ ಒಂದೇ ಹರಿವು ತುಂಡಾಗಿರುತ್ತದೆ. ಎಂಪಿ3 ಮಾಡಿದರೆ ಆ ಜೋಡಣೆಯಲ್ಲಿ ಸಣ್ಣ ಮೌನ ಸೇರಿಕೊಳ್ಳಬಹುದು. ಮೃದಂಗ ಎತ್ತಿಕೊಳ್ಳುವ ಜಾಗದಲ್ಲಿ ಅದು ಬಂದರೆ ಕೇಳಲಾಗುವುದಿಲ್ಲ.

ಹಂತ 5: ಹೆಸರು

ಹಾಡಿನ ಹೆಸರು ತಾನಾಗಿ ಬರದಿದ್ದರೆ ಮೊದಲು ನೋಡಬೇಕಾದ್ದು, ತಂತ್ರಾಂಶ ಇನ್ನೂ ಹಾಡಿನ ಹೆಸರು ಕೊಡುತ್ತಿದ್ದ ಫ್ರೀಡಿಬಿ ಎಂಬ ಹಳೆಯ ಅಂತರ್ಜಾಲ ಕೋಶವನ್ನು ಕೇಳುತ್ತಿದೆಯೇ ಅಂತ. ಅದು 2020ರಲ್ಲಿ ಮುಚ್ಚಿತು. ಮ್ಯೂಸಿಕ್‌ಬ್ರೈನ್ಜ್ ಅಥವಾ ಗ್ನೂಡಿಬಿಗೆ ಬದಲಿಸಿ. ಕನ್ನಡ ಸಿಡಿಗಳಿಗೆ ಅಲ್ಲೂ ಸಿಗದಿದ್ದರೆ ಕೈಯಿಂದಲೇ ತುಂಬಿ, ಅದಕ್ಕೆ ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಸಾಕು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಒಳಗಿನ ಟ್ಯಾಗ್ (ಹಾಡಿನ ವಿವರ) ಕನ್ನಡದಲ್ಲಿರಲಿ. ಕವಿ, ರಾಗ ಸಂಯೋಜಕರು, ಗಾಯಕರು ಮೂವರನ್ನೂ ಬರೆಯಿರಿ. ಸಿಡಿಯ ಮೇಲಿನ ಕಾಗದ ಕಳೆದುಹೋದರೆ ಆ ಮಾಹಿತಿ ಬೇರೆಲ್ಲೂ ಸಿಗದಿರಬಹುದು.

ಹಂತ 6: ನೆಟ್‌ವರ್ಕಿಗೆ ಸಾಗಿಸುವುದು

ವೈಫೈ ಮೂಲಕ ನೇರವಾಗಿ ಬೇರೆ ಯಂತ್ರದ ಫೋಲ್ಡರಿಗೆ ರಿಪ್ ಮಾಡಬೇಡಿ. ಸಂಪರ್ಕ ನಡುವೆ ತಪ್ಪಿದರೆ ತೊಂದರೆ ಡಿಸ್ಕಿನದೋ ವೈಫೈದೋ ಅಂತಲೇ ತಿಳಿಯುವುದಿಲ್ಲ. ಮೊದಲು ಸ್ವಂತ ಹಾರ್ಡ್ ಡಿಸ್ಕಿಗೆ ಮಾಡಿ, ಆಮೇಲೆ ಕಾಪಿ ಮಾಡಿ. ಫ್ಲಾಕ್ ಫೈಲಿನೊಳಗೇ ಧ್ವನಿಯ ಎಂಡಿ5 ಎಂಬ ಪರೀಕ್ಷಾ ಸಂಖ್ಯೆ ಬರೆದಿರುತ್ತದೆ. ಕಾಪಿ ಆದಮೇಲೆ ಫ್ಲಾಕ್ ತಂತ್ರಾಂಶದ ‘ಟೆಸ್ಟ್’ ಓಡಿಸಿದರೆ ಫೈಲು ಪೂರ್ತಿ ಬಂದಿದೆಯೇ ಅಂತ ಗೊತ್ತಾಗುತ್ತದೆ.

ಫೋಲ್ಡರೇ ಕಾಣುತ್ತಿಲ್ಲವೇ? ಎರಡೂ ಯಂತ್ರದ ಐಪಿ ವಿಳಾಸದ ಮೊದಲ ಮೂರು ಸಂಖ್ಯೆ ಒಂದೇ ಇದೆಯೇ ನೋಡಿ. ಮಹಡಿಗೆ ಅಂತ ಇನ್ನೊಂದು ರೌಟರ್ ಹಾಕಿಸಿದ ಮನೆಗಳಲ್ಲಿ ಒಂದು 192.168.1ರಲ್ಲೂ ಇನ್ನೊಂದು 192.168.0ರಲ್ಲೂ ಇರುತ್ತದೆ, ಒಂದಕ್ಕೊಂದು ಕಾಣುವುದಿಲ್ಲ. ಗೆಸ್ಟ್ ವೈಫೈಯಲ್ಲೂ ಇದೇ ಪಾಡು. ವಿಂಡೋಸಿನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ. ಹೆಸರಿನಿಂದ ಸಿಗದಿದ್ದರೆ ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಗೆರೆ ಹಾಕಿ ಐಪಿ ಸಂಖ್ಯೆಯನ್ನೇ ಬರೆಯಿರಿ, \\192.168.1.10 ಹೀಗೆ.

ಇಷ್ಟಾದರೂ ಹಳೆಯ ಪ್ಲೇಯರ್ ಸಿಗದಿದ್ದರೆ ಅದು ಎಸ್‌ಎಂಬಿ1 ಎಂಬ ಹಳೆಯ ಭಾಷೆಯಲ್ಲಿ ಮಾತಾಡುತ್ತಿರಬಹುದು. 2017ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೊಸಾಫ್ಟ್ ಅದನ್ನು ಹೊಸ ಕಂಪ್ಯೂಟರುಗಳಲ್ಲಿ ಹಾಕುವುದನ್ನು ನಿಲ್ಲಿಸಿತು. ಮತ್ತೆ ಹಾಕಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಅದೇ ವರ್ಷದ ವಾನಾಕ್ರೈ ವೈರಸ್ ದಾಳಿ ಹರಡಿದ್ದು ಅದೇ ಬಾಗಿಲಿನಿಂದ. ಪ್ಲೇಯರಿನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಆಗದಿದ್ದರೆ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿ ಹಾಡು ಹರಿಸುವ ವ್ಯವಸ್ಥೆ) ಬಳಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಫೈಲು ತೆಗೆದುಕೊಂಡು ಬನ್ನಿ.

ಹಾಡು ನಡುನಡುವೆ ನಿಂತರೆ ಇಂಟರ್ನೆಟ್ ಪ್ಲಾನ್ ಬದಲಿಸಲು ಹೋಗಬೇಡಿ. ಮನೆಯೊಳಗಿನ ಈ ಓಡಾಟಕ್ಕೆ ಇಂಟರ್ನೆಟ್ ಬೇಕಾಗಿಯೇ ಇಲ್ಲ. ಸಿಡಿಯ ಧ್ವನಿಗೆ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು. ನಿಲ್ಲುತ್ತಿದೆ ಅಂದರೆ ವೈಫೈ ಸಿಗ್ನಲ್ ದುರ್ಬಲವಾಗಿದೆ, ಪ್ಲೇಯರಿಗೆ ಲ್ಯಾನ್ ಕೇಬಲ್ ಎಳೆಯಿರಿ.

ನಿಮ್ಮದೇ ಸಿಡಿಯಿಂದ ನಿಮ್ಮ ಕೇಳುವಿಕೆಗೆ ಮಾಡಿಕೊಂಡ ಪ್ರತಿ ಇದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ಅವಕಾಶ ಕೊಡುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅದರಲ್ಲಿ ಬರುವುದಿಲ್ಲ.

ಹೊಸ ಹಾಡು ಪ್ಲೇಯರಿನ ಪಟ್ಟಿಯಲ್ಲಿ ಕಾಣದಿದ್ದರೆ ಲೈಬ್ರರಿಯನ್ನು ‘ರೀಸ್ಕ್ಯಾನ್’ ಮಾಡಿಸಿ. ಕನ್ನಡದ ಬದಲು ಚೌಕಗಳು ಕಂಡರೆ ಟ್ಯಾಗ್ ಅಳಿಸಬೇಡಿ. ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಅದರ ಮೊಬೈಲ್ ಆ್ಯಪ್ ತೆರೆಯಿರಿ, ಹೆಸರುಗಳು ಅಲ್ಲಿ ಕನ್ನಡದಲ್ಲೇ ಬರುತ್ತವೆ.