ಪೈಪಿನ ಅಳತೆಗೆ ಒದಗಿದ ರಾಕೆಟ್: ಪಿಎಸ್‌ಎಲ್‌ವಿ ಮಾದರಿ ಕಟ್ಟಿದ ನನ್ನ ಅನುಭವ

ನಮ್ಮ ಮನೆಯ ಹಜಾರದಲ್ಲಿ ಈಗ ನಿಂತಿರುವ, ಇಸ್ರೋದ ಉಪಗ್ರಹ ಉಡಾವಣಾ ರಾಕೆಟ್ ಪಿಎಸ್‌ಎಲ್‌ವಿಯ ಮಾದರಿ 2.22 ಮೀಟರ್ ಎತ್ತರವಿದೆ. ಇದನ್ನು ಹೊಲಗದ್ದೆಗೆ ಬಳಸುವ ಪಿವಿಸಿ ಪೈಪಿನಲ್ಲಿ ಕಟ್ಟುತ್ತೇನೆ ಎಂದಾಗ, ನನಗಿಂತ ಮೊದಲಿನಿಂದ ಮಾದರಿಗಳನ್ನು ಮಾಡುತ್ತ ಬಂದಿರುವ ಮಂಡ್ಯದ ಗೆಳೆಯರೊಬ್ಬರು, "ಎಷ್ಟು ಬಣ್ಣ ಬಳಿದರೂ ಪೈಪು ಪೈಪಿನ ಹಾಗೇ ಕಾಣುತ್ತೆ ಸ್ವಾಮಿ" ಎಂದು ನಕ್ಕಿದ್ದರು. ಅವರೇ ಕಳೆದ ತಿಂಗಳು ಬಂದು, ಬೆರಳಿನಿಂದ ತಟ್ಟಿ ಸದ್ದು ಕೇಳುವವರೆಗೂ ಒಳಗಿರುವುದು ಪೈಪೆಂದು ನಂಬಲಿಲ್ಲ.

ಮೊದಲ ಸಲ ನಾನು ಎಡವಿದ್ದು ರಾಕೆಟ್ಟಿನ ಆಯ್ಕೆಯಲ್ಲಿಯೇ. ದೊಡ್ಡದೆಂದರೆ ಮನುಷ್ಯರನ್ನು ಚಂದ್ರನತ್ತ ಒಯ್ದ ಅಮೆರಿಕದ ಸ್ಯಾಟರ್ನ್-5 ಎಂದುಕೊಂಡು, ಅದರ 110.6 ಮೀಟರ್ ಎತ್ತರವನ್ನು 48ರಿಂದ ಭಾಗಿಸಿ, 2.3 ಮೀಟರಿನ ಮಾದರಿಗೆ ಕೈಹಾಕಿದೆ. ಕೆಳಗಿನ ಹಂತಗಳ ವ್ಯಾಸ 21 ಸೆಂಟಿಮೀಟರ್ ಬರುತ್ತದೆ. ಆ ಅಳತೆಯ ಕೊಳವೆ ಎಲ್ಲಿಯೂ ಸಿಗದೆ, ಪ್ಲೈವುಡ್ ಬಳೆಗಳ ಮೇಲೆ ರಟ್ಟನ್ನು ಸುತ್ತಿ ಮಾಡಿದೆ. ಮಳೆಗಾಲದಲ್ಲಿ ರಟ್ಟು ಉಬ್ಬಿತು, ಮೇಲಿನ ಪುಟ್ಟಿ ಬಿರುಕುಬಿಟ್ಟಿತು, ಪುನಃ ಮೆತ್ತಿ ಉಜ್ಜಿದರೆ ಬಳೆಗಳಿದ್ದ ಕಡೆಯೆಲ್ಲ ಎಮ್ಮೆಯ ಪಕ್ಕೆಲುಬಿನಂತೆ ಗೆರೆ ಎದ್ದಿತು. ಸುಮಾರು 7,000 ರೂಪಾಯಿ ಮತ್ತು ಐದು ತಿಂಗಳ ಭಾನುವಾರಗಳು ಅದರೊಂದಿಗೆ ಹೋದವು.

ಅದಾದ ಮೇಲೆ ಲೆಕ್ಕವನ್ನು ತಿರುವಿ ಹಾಕಿದೆ. ರಾಕೆಟ್ಟನ್ನು ಆರಿಸಿ ಕೊಳವೆ ಹುಡುಕುವ ಬದಲು, ಪೈಪಿನ ಅಂಗಡಿಯಲ್ಲಿರುವ ವ್ಯಾಸಗಳನ್ನು ಬರೆದುಕೊಂಡು ಬಂದು, ಅವುಗಳಿಗೆ ಯಾವ ರಾಕೆಟ್ ಹೊಂದುತ್ತದೆಂದು ನೋಡಿದೆ. ಪಿಎಸ್‌ಎಲ್‌ವಿಯ ಮುಖ್ಯ ಕಾಯದ ವ್ಯಾಸ 2.8 ಮೀಟರ್, ತುದಿಯಲ್ಲಿ ಉಪಗ್ರಹವನ್ನು ಮುಚ್ಚುವ ಉಷ್ಣಕವಚದ್ದು 3.2, ಪಕ್ಕಕ್ಕೆ ಕಟ್ಟಿದ ಆರು ಸಹಾಯಕ ರಾಕೆಟ್ಟುಗಳದ್ದು, ಅಂದರೆ ಸ್ಟ್ರ್ಯಾಪ್-ಆನ್‌ಗಳದ್ದು, ತಲಾ 1 ಮೀಟರ್. ಇಪ್ಪತ್ತರಲ್ಲಿ ಒಂದು ಪಾಲು ಮಾಡಿದರೆ 140, 160 ಮತ್ತು 50 ಮಿಲಿಮೀಟರ್! ಮೂರೂ ನಮ್ಮಲ್ಲಿ ದಿನಬಳಕೆಯ ಪೈಪಿನ ಹೊರವ್ಯಾಸಗಳು. ಅಂಗಡಿಯವರ ಲೆಕ್ಕದಲ್ಲಿ ಐದಿಂಚು, ಆರಿಂಚು, ಒಂದೂವರೆ ಇಂಚು. ಈ ಕಾಕತಾಳೀಯವನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಸ್ರೋದ ಇನ್ನೂ ದೊಡ್ಡ ರಾಕೆಟ್ ಎಲ್‌ವಿಎಂ3 ಕೂಡ ಇದೇ ಪ್ರಮಾಣಕ್ಕೆ ಒಗ್ಗುತ್ತದೆ. 4 ಮೀಟರಿನ ಕಾಯಕ್ಕೆ 200ರ ಪೈಪು, ಪಕ್ಕದ ಎರಡು ಎಸ್200 ಬೂಸ್ಟರ್‌ಗಳಿಗೆ 160, ಮೇಲಿನ 5 ಮೀಟರಿನ ಕವಚಕ್ಕೆ 250. ಆದರೆ ಅದರ ತೂಕವನ್ನೂ ಬೆಲೆಯನ್ನೂ ಕೇಳಿ ಹಿಂದೆಗೆದೆ. 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ರ ಮೇಲೆ ನನಗೆ ಮೊದಲಿನಿಂದಲೂ ಮೋಹವಿದೆ, ಆದರೆ ಹಂತದಿಂದ ಹಂತಕ್ಕೆ ವ್ಯಾಸ ಬದಲಾಗುವ ಅದು ಪೈಪಿಗೆ ಒಲಿಯುವುದಿಲ್ಲ. ಪಿಎಸ್‌ಎಲ್‌ವಿಯಲ್ಲಿಯೂ ಯಾವ ಉಡಾವಣೆಯೆಂದು ಮೊದಲೇ ನಿರ್ಧರಿಸಿಕೊಳ್ಳಬೇಕು, ಇಲ್ಲವಾದರೆ ಗುರುತುಗಳಲ್ಲಿ ಗೊಂದಲವಾಗುತ್ತದೆ. ನಾನು 2013ರ ನವೆಂಬರ್ 5ರಂದು ಮಂಗಳಯಾನವನ್ನು ಒಯ್ದ ಸಿ25 ಎಂಬ ಉಡಾವಣೆಯನ್ನು ಹಿಡಿದೆ. ಅದು ಉದ್ದನೆಯ ಸ್ಟ್ರ್ಯಾಪ್-ಆನ್‌ಗಳಿರುವ ಎಕ್ಸ್‌ಎಲ್ ಬಗೆಯಾದ್ದರಿಂದ ಸ್ಟ್ರ್ಯಾಪ್-ಆನ್‌ಗಳು 12 ಮೀಟರ್ ಉದ್ದವಿವೆ, ಅಂದರೆ ನಮಗೆ 60 ಸೆಂಟಿಮೀಟರಿನ ಆರು ತುಂಡುಗಳು. ಒಂದೇ ಪೈಪಿನಲ್ಲಿ ಆರೂ ಮುಗಿದು ಇನ್ನೂ ಉಳಿಯುತ್ತದೆ.

ಪರಿಚಯದ ಬೋರ್‌ವೆಲ್‌ನವರು ಕೊಟ್ಟ ಕೇಸಿಂಗ್ ಪೈಪಿನ ತುಂಡನ್ನು ಕಾಯಕ್ಕೆ ಬಳಸಿ ಹಣ ಉಳಿಸಲು ನೋಡಿದ್ದು ಎರಡನೆಯ ತಪ್ಪು. ವ್ಯಾಸ ಅದೇ 140 ಇದ್ದರೂ ಗೋಡೆ ದಪ್ಪ. ನಿಲ್ಲಿಸಲು ಇಬ್ಬರು ಬೇಕಾದರು. ಕೊನೆಗೆ 4 ಕೆಜಿ ಒತ್ತಡದ ತೆಳು ಪೈಪನ್ನೇ ಕೊಂಡೆ, ತೂಕ ಅರ್ಧಕ್ಕಿಳಿಯಿತು.

ಉಷ್ಣಕವಚದ ಮೂತಿಯನ್ನು ಥರ್ಮಾಕೋಲಿನಲ್ಲಿ ಕಡೆದು, ಮೇಲೆ ಫೈಬರ್ ಬಟ್ಟೆ ಹಾಕಿ ಪಾಲಿಯೆಸ್ಟರ್ ರೆಸಿನ್ ಬಳಿದಾಗ, ಕಣ್ಣೆದುರೇ ಥರ್ಮಾಕೋಲ್ ಬೆಲ್ಲದಂತೆ ಕರಗಿ ಕುಸಿಯಿತು. ಎಪಾಕ್ಸಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಗೊತ್ತಿದ್ದೂ ಬೆಲೆಗೆ ಆಸೆಪಟ್ಟಿದ್ದೆ. ಆಮೇಲೆ ಚನ್ನಪಟ್ಟಣದ ಕುಶಲಕರ್ಮಿಯೊಬ್ಬರ ಬಳಿ ಹೋದೆ. ಸ್ಟ್ರ್ಯಾಪ್-ಆನ್‌ಗಳ ಆರು ಮೂತಿಗಳನ್ನು ಅವರು ಬೊಂಬೆಗೆ ಬಳಸುವ ಹಾಲೆ ಮರದಲ್ಲಿಯೇ ಒಂದು ಮಧ್ಯಾಹ್ನದಲ್ಲಿ ಕಡೆದುಕೊಟ್ಟರು; ಮನೆಗೆ ತಂದು ಫೋಟೋ ನೋಡುತ್ತ ಉಜ್ಜುಕಾಗದದಿಂದ ತಿದ್ದಿದೆ. ದೊಡ್ಡ ಮೂತಿಗೆ ಅಷ್ಟು ದಪ್ಪದ ಹಾಲೆ ಸಿಗದೆ ಸಿಲ್ವರ್ ಓಕ್ ಹಲಗೆಗಳನ್ನು ಅಂಟಿಸಿ ಕಡೆಯಬೇಕಾಯಿತು. 160ರಿಂದ 140ಕ್ಕೆ ಇಳಿಯುವ ಕವಚದ ಬುಡಕ್ಕೆ ಸಿದ್ಧ ರೆಡ್ಯೂಸರ್ ತಂದು ನೋಡಿದೆ, ಆದರೆ ಅದರ ತುಟಿ ದಪ್ಪವಾಗಿ ಎದ್ದು ಕಾಣುತ್ತದೆ; ಅದನ್ನೂ ಮರದಲ್ಲೇ ಕಡೆಸಿ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ಪೈಪಿನ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಬಿಳಿ ಬಣ್ಣದ ಮೂರು ಪದರಗಳನ್ನೂ ದಾಟಿ ಮಸಿ ಮೇಲೆ ಬರುತ್ತದೆ. ಎಣ್ಣೆಯ ಎನಾಮೆಲ್ ಬಿಳಿ ಮನೆಯೊಳಗಿನ ಮಬ್ಬಿನಲ್ಲಿ ಒಂದೇ ವರ್ಷದಲ್ಲಿ ಹಳದಿಯಾಯಿತು. ಎರಡನೆಯ ಸಲ ಕಾರಿಗೆ ಬಣ್ಣ ಹೊಡೆಯುವವರಿಂದ ಪ್ರೈಮರ್ ಸಹಿತ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿದೆ. ಹಂತಗಳ ನಡುವಿನ ಕಂದುಬಣ್ಣವನ್ನು ನಾನೇ ಬೆರೆಸಿದ್ದು, ಆ ಬೆರಕೆಯ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಧ್ವಜ ಮತ್ತು ಅಕ್ಷರಗಳನ್ನು ವಾಹನಗಳ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ಕತ್ತರಿಸಿಕೊಟ್ಟರು.

ಮನೆಯ ಬಾಗಿಲು ಏಳಡಿ, ಅಂದರೆ ರಾಕೆಟ್ಟಿಗಿಂತ ಗಿಡ್ಡ. ಓರೆ ಮಾಡಿ ಒಯ್ಯೋಣವೆಂದರೆ ಮೆಟ್ಟಿಲಿನ ತಿರುವು ಅಡ್ಡ ಬರುತ್ತದೆ. ಆದ್ದರಿಂದ ಮೊದಲ ಹಂತದ ಮೇಲ್ತುದಿಯಲ್ಲಿ ಎರಡು ಭಾಗ ಮಾಡಿ, ಒಳಗೆ 125ರ ಪೈಪಿನ ತುಂಡನ್ನು ಸಿಕ್ಕಿಸಿದ್ದೇನೆ. ಆ ಸಂದು ಹೊರಗೆ ಕಾಣದಂತೆ ಮಾಡಿದ ಬಗೆಯನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ. ಬುಡದೊಳಗೆ ಎಂಟು ಕೆಜಿ ಮರಳಿದೆ, ಮಕ್ಕಳು ಒರಗಿದರೂ ಅಲುಗುವುದಿಲ್ಲ.

ನಡುವೆ ಒಂದು ಹುಚ್ಚಾಟವೂ ನಡೆಯಿತು. ನಳಿಕೆಯೊಳಗೆ 40 ವ್ಯಾಟಿನ ಹಳೆಯ ಬಲ್ಬು ಹಾಕಿ ಬೆಂಕಿಯ ಬೆಳಕು ತರಿಸಲು ಹೊರಟೆ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗುವುದರಿಂದ, ಬೆಳಗಾಗುವಷ್ಟರಲ್ಲಿ ನಳಿಕೆ ಒಂದು ಕಡೆಗೆ ವಾಲಿತ್ತು. ಈಗ ಎಲ್‌ಇಡಿ ಇದೆ.

ಒಟ್ಟು ಖರ್ಚು ನೆನಪಿನ ಲೆಕ್ಕದಲ್ಲಿ 12,000. ಹಾಳಾದ ರೆಸಿನ್, ಹಳದಿಯಾದ ಬಣ್ಣಗಳಿಗೆ ಇನ್ನೊಂದು 2,500. ಎಲ್ಲಕ್ಕಿಂತ ಹೊಟ್ಟೆಯುರಿಸಿದ್ದು 160ರ ಪೈಪು. ಬೇಕಿದ್ದದ್ದು ಒಂದು ಮೊಳದಷ್ಟು, ಅಂಗಡಿಯವರು ಕತ್ತರಿಸಿ ಕೊಡದೆ 6 ಮೀಟರನ್ನೂ ಹೊರಿಸಿದರು. ಉಳಿದುದರಲ್ಲಿ ಒಂದೂಕಾಲು ಮೀಟರಿನ ಎರಡು ತುಂಡುಗಳನ್ನು ಎಲ್‌ವಿಎಂ3ರ ಎಸ್200ಗಳ ಅಳತೆಗೆ ಕೊಯ್ದು ಅಟ್ಟದ ಮೇಲಿಟ್ಟಿದ್ದೇನೆ. 250ರ ಪೈಪಿನ ತುಂಡು ಯಾರ ತೋಟದಲ್ಲಾದರೂ ಬಿದ್ದಿದ್ದರೆ ಬೆಲೆ ಕೊಟ್ಟು ಒಯ್ಯುತ್ತೇನೆ.