ಅಂಬಾಸಿಡರ್‌ಗೆ ಹೊಸ ಪ್ಲಗ್ ವೈರ್ ಹಾಕಿದ್ದು

ಮಳೆಗಾಲ ಹಿಡಿದು ವಾರ ಆಗಿರಲಿಲ್ಲ, ನಮ್ಮ ಅಂಬಾಸಿಡರ್ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ತೆಗೆಯಿತು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಶೆಡ್ಡಿನೊಳಗಿದ್ದ ಗಾಡಿಯೂ ಬೆವರುತ್ತದೆ. ಒಂದು ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡಿಸಿ ನೋಡಿದೆ. ಪ್ಲಗ್ ವೈರ್‌ಗಳ ಮೇಲೆ ಅಲ್ಲಲ್ಲಿ ನೀಲಿ ಕಿಡಿ. ಹೊದಿಕೆ ಬಿರುಕು ಬಿಟ್ಟು, ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಎಂಜಿನ್ ಬಾಡಿಗೆ ಹಾರುತ್ತಿತ್ತು.

ಅಂಗಡಿಯವನು ಕಾರ್ಬನ್ ಎಳೆಯ ರೆಡಿ ಸೆಟ್ ಕೊಡಲು ನೋಡಿದ. ನಾನು ಒಪ್ಪಲಿಲ್ಲ. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಇದೆಯಲ್ಲ, ನಮ್ಮ ಗಾಡಿಯಲ್ಲಿ ಅದರ ಕ್ಯಾಪ್ ಹಳೇ ಮಾದರಿಯದು, ವೈರ್ ಪಕ್ಕದಿಂದ ಒಳಗೆ ಹೋಗುತ್ತದೆ. ಕ್ಯಾಪಿನ ಒಳಗಿನಿಂದ ಚೂಪು ತುದಿಯ ಸಣ್ಣ ಸ್ಕ್ರೂ ವೈರನ್ನು ಚುಚ್ಚಿ ಹಿಡಿಯುತ್ತದೆ. ತಾಮ್ರದ ಎಳೆಗೆ ಅದು ಸರಿಯಾಗಿ ಕಚ್ಚುತ್ತದೆ, ಕಾರ್ಬನ್ ಎಳೆಗೆ ನಂಬಿಕೆಯಿಲ್ಲ. ತಾಮ್ರದ ವೈರನ್ನೇ ಮೀಟರ್ ಲೆಕ್ಕದಲ್ಲಿ ತಂದೆ.

ಆಮೇಲೆ ಮಾಡಿದ್ದು ಪೆದ್ದು ಕೆಲಸ. ಹಳೆಯದನ್ನು ಒಂದೊಂದಾಗಿ ತೆಗೆದು ಹೊಸದು ಹಾಕುವುದು ಬಿಟ್ಟು, ಪ್ಲಗ್ಗಿನ ನಾಲ್ಕು, ಕಾಯಿಲ್‌ನದು ಒಂದು, ಐದನ್ನೂ ಒಟ್ಟಿಗೇ ಕಿತ್ತು ಹಾಕಿದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ, 1-3-4-2 ಅಂತ ಬಾಯಿಪಾಠ ಇತ್ತು, ಅದೇ ಧೈರ್ಯ. ಗಡಿಯಾರದ ಮುಳ್ಳು ತಿರುಗುವ ಹಾಗೆ ಜೋಡಿಸಿ ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಯಿತು! ಆದರೆ ಗಡಗಡ ನಡುಗುತ್ತಾ, ಕಾರ್ಬುರೇಟರ್‌ನಲ್ಲಿ ಪಟ್ ಪಟ್ ಅನ್ನುತ್ತಾ. ಜಗಲಿಯಿಂದ ಅಪ್ಪ ಕೂಗಿದರು, "ಎಂಥದೋ ಅದು, ಟ್ರ್ಯಾಕ್ಟರ್ ತಂದ್ಯೇನೋ?"

ಈ 1489 ಸಿಸಿ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುತ್ತಾ ಒಂದೊಂದೇ ವೈರಿಗೆ ಕರೆಂಟು ಮುಟ್ಟಿಸುವ ರೋಟರ್ ತಿರುಗುವುದು ಗಡಿಯಾರಕ್ಕೆ ಉಲ್ಟಾ. ನಾನು ಜೋಡಿಸಿದ ರೀತಿಯಲ್ಲಿ 1 ಮತ್ತು 4 ಸರಿಯಾಗಿದ್ದವು, 2 ಮತ್ತು 3 ಅದಲುಬದಲಾಗಿದ್ದವು. ಅಂದರೆ ಅರ್ಧ ಎಂಜಿನ್ ಓಡುತ್ತಿತ್ತು.

ಮತ್ತೆ ಮೊದಲಿಂದ ಶುರು. ಇಗ್ನಿಷನ್ ಆಫ್ ಮಾಡಿ ನಾಲ್ಕೂ ಪ್ಲಗ್ ಬಿಚ್ಚಿದೆ. ರೇಡಿಯೇಟರ್ ಕಡೆಯದು 1. ಅದರ ತೂತಿಗೆ ನನ್ನ ತಮ್ಮ ಹೆಬ್ಬೆರಳು ಒತ್ತಿ ಹಿಡಿದ, ನಾನು ಹ್ಯಾಂಡಲ್ ತಿರುಗಿಸಿದೆ. ಗಾಳಿ ಬೆರಳನ್ನು ದೂಡಿದ ಮೇಲೆ ಎಂಜಿನ್ ಮುಂದಿನ ಪುಲ್ಲಿಯ ಗುರುತು ಅದರ ಪಕ್ಕದ ಟೈಮಿಂಗ್ ಮುಳ್ಳಿಗೆ ಬರುವವರೆಗೆ ಮೆಲ್ಲಗೆ ತಂದೆ. ಬೆರಳಿಡದೆ ಬರೀ ಗುರುತು ನಂಬಿದರೆ ಅದು 4ರ ಸರದಿಯೂ ಆಗಿರಬಹುದು. ಹೀಗೆ ಗುರುತು ಮುಳ್ಳಿಗೆ ಬಂದಾಗ ರೋಟರ್ ಯಾವ ಕಡೆ ಮುಖ ಮಾಡಿತ್ತೋ ಅದೇ 1ರ ಜಾಗ. ಅಲ್ಲಿಂದ ಎಡಕ್ಕೆ ಸುತ್ತುತ್ತಾ 3, 4, 2. ಗುರುತಿಗೆ ವೈರ್‌ಗಳಿಗೆ ಕೆಂಪು ಟೇಪು ಸುತ್ತಿದೆ, 1ಕ್ಕೆ ಒಂದು ಪಟ್ಟಿ, 2ಕ್ಕೆ ಎರಡು, ಹೀಗೆ.

ವೈರಿನ ತುದಿಯನ್ನು ನೇರವಾಗಿ ಕತ್ತರಿಸಿ, ಕ್ಯಾಪಿನ ತೂತಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಹಾಕಿ, ತಳ ಮುಟ್ಟುವವರೆಗೆ ನೂಕಿ ಸ್ಕ್ರೂ ಬಿಗಿ ಮಾಡಿದೆ. ಕಾಯಿಲ್‌ನಿಂದ ಬರುವ ನಡುವಿನ ವೈರಿನ ಸ್ಕ್ರೂ ಮಾತ್ರ ಕಾಣುವುದೇ ಇಲ್ಲ. ಒಳಗಿನ ಕಾರ್ಬನ್ ಬ್ರಷ್ ಎಳೆದರೆ ಅದರ ಹಿಂದೆ ಅಡಗಿರುತ್ತದೆ. ಬ್ರಷ್ ವಾಪಸ್ ಹಾಕಲು ಮರೆಯಬೇಡಿ, ನಾನು ಮರೆತಿದ್ದೆ.

ಹಿಂದೆ ಯಾರೋ ಅಂದಕ್ಕೆ ಅಂತ ನಾಲ್ಕೂ ವೈರ್ ಸೇರಿಸಿ ಟೇಪ್ ಸುತ್ತಿದ್ದರು. ನಾನು ಬಿಡಿಬಿಡಿಯಾಗಿ ಬಿಟ್ಟೆ. ಅದರಲ್ಲೂ 3 ಮತ್ತು 4. ಅವು ಅಕ್ಕಪಕ್ಕದವು, ಉರಿಯುವುದೂ ಒಂದರ ಹಿಂದೆ ಒಂದು. 3ರಲ್ಲಿ ಕಿಡಿ ಹಾರುವಾಗ 4ರಲ್ಲಿ ಪೆಟ್ರೋಲ್ ಗಾಳಿ ಆಗಷ್ಟೇ ತುಂಬಿರುತ್ತದೆ, ಒತ್ತಡ ಕಮ್ಮಿ. ಅಂಟಿಕೊಂಡ ವೈರಿಗೆ ಪಕ್ಕದ್ದರ ಪ್ರಭಾವದಿಂದ ಸಣ್ಣ ಕರೆಂಟು ಬಂದರೂ ಅಲ್ಲಿ ಕಿಡಿ ಹಾರಬಹುದು. ನಾಲ್ಕು ಸಿಲಿಂಡರಿನಲ್ಲಿ ಇದು ಎಂಟು ಸಿಲಿಂಡರಿನ ವಿ8 ಎಂಜಿನ್ನಿನಷ್ಟು ದೊಡ್ಡ ತಲೆನೋವಲ್ಲ, ಆದರೂ ಬೆರಳಷ್ಟು ಅಂತರ ಬಿಡಲು ಖರ್ಚೇನೂ ಇಲ್ಲ. ಈ ಎಂಜಿನ್ನಿನಲ್ಲಿ ಬಿಸಿ ಹೊಗೆ ಹೊರಹೋಗುವ ಸೈಲೆನ್ಸರ್ ಮ್ಯಾನಿಫೋಲ್ಡ್ ಆಚೆ ಮಗ್ಗುಲಿಗಿದೆ, ಹಾಗಾಗಿ ವೈರ್ ಸುಡುವ ಭಯ ಇಲ್ಲ. 1ರ ವೈರ್ ಫ್ಯಾನ್ ಬೆಲ್ಟ್ ಕಡೆ ಜೋತು ಬೀಳದಿದ್ದರೆ ಸಾಕು.

ಪ್ಲಗ್ಗಿನ ಗ್ಯಾಪ್ 25 ಥೌ (ಇಂಚಿನ ಸಾವಿರದಲ್ಲಿ 25 ಭಾಗ) ಇಟ್ಟು ವಾಪಸ್ ಹಾಕಿದೆ. ರಾತ್ರಿ ಮತ್ತೆ ದೀಪ ಆರಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್‌ಗಳ ಮೇಲೆ ತುಂತುರು ಹೊಡೆದೆ. ಎಂಜಿನ್ ಮೇಲಿನ ಟ್ಯಾಪೆಟ್ ಕವರಿಗೆ ತಾಗಿದ್ದ ಕಡೆ 3ರಲ್ಲಿ ಒಂದೇ ಒಂದು ನೀಲಿ ಎಳೆ ಕಂಡಿತು. ಎಂಜಿನ್ ನಿಲ್ಲಿಸಿ ನೋಡಿದರೆ, ನನ್ನದೇ ಕೆಲಸ, ಬ್ಲೇಡ್ ತಾಗಿ ಹೊದಿಕೆ ಸೀಳಿತ್ತು. ಉಳಿದ ತುಂಡಿನಿಂದ ಇನ್ನೊಂದು ಕತ್ತರಿಸಿದೆ.